ಕಾಕುವಿನ ಕರ್ತೃತ್ವ: ರೂತ್ ಬ್ರೌನಳ ಗಾನವಿಚಾರ

ಗೀತಕ್ಕೆ ಮಾತು, ಧಾತು ಎಂಬ ಎರಡು ಅಂಗಗಳನ್ನು ಸಂಗೀತಶಾಸ್ತ್ರಕಾರರು ಹೇಳಿರುವರು. ಮಾತೆಂಬುದು ಪದರಚನೆ, ಧಾತುವೆಂಬುದು ಆ ಪದಗಳನ್ನು ಹೊತ್ತು ನಡೆಯುವ ಸ್ವರರಚನೆ. ಎರಡನ್ನೂ ತಾನೇ ನಿರ್ಮಿಸಬಲ್ಲವನಿಗೆ ವಾಗ್ಗೇಯಕಾರನೆಂಬ ಗೌರವದ ಹೆಸರುಂಟು. ಆದರೆ ಒಬ್ಬನು ಮಾತನ್ನು ಬರೆದು, ಅವನೋ ಮತ್ತೊಬ್ಬನೋ ಧಾತುವನ್ನು ಕೂಡಿಸಿ, ಮೂರನೆಯವರೊಬ್ಬರು ಅದನ್ನು ಹಾಡಿದಾಗ, ಹಾಡಿದವರಿಗೆ ಆ ಗೀತದಲ್ಲಿ ಸಲ್ಲತಕ್ಕ ಸ್ಥಾನವೇನು? ನೀರನ್ನು ಹರಿಯಗೊಡುವ ಕಾಲುವೆಯಂತೆ ಅವರು ಸಾಧನಮಾತ್ರರೆ? ಅಥವಾ ಗೀತದ ಅರ್ಥನಿಷ್ಪತ್ತಿಯಲ್ಲಿ ಅವರಿಗೂ ಕರ್ತೃತ್ವದ ಭಾಗವುಂಟೆ?

ಈ ಪ್ರಶ್ನೆಯು ಮೇಲುನೋಟಕ್ಕೆ ಶಾಸ್ತ್ರಚರ್ಚೆಗೆ ಮಾತ್ರ ಸೇರಿದುದೆಂದು ತೋರಬಹುದು. ಆದರೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಅದು ಅನೇಕ ಗಾಯಕಗಾಯಕಿಯರಿಗೆ ಅನ್ನದ ಪ್ರಶ್ನೆಯಾಗಿ ಪರಿಣಮಿಸಿತು. 'ರಿದಂ ಅಂಡ್ ಬ್ಲೂಸ್' ಎಂಬ ಗಾನಪ್ರಕಾರದಲ್ಲಿ ಅಗ್ರಗಣ್ಯಳಾಗಿದ್ದ ರೂತ್ ಬ್ರೌನ್ (೧೯೨೮–೨೦೦೬) ಎಂಬಾಕೆಯ ಜೀವನವೇ ಇದಕ್ಕೆ ನಿದರ್ಶನ. ಈಕೆಗೆ ಕೀರ್ತಿಯನ್ನು ತಂದ ಹಾಡುಗಳಲ್ಲಿ ಒಂದರ ಮಾತಾಗಲಿ ಧಾತುವಾಗಲಿ ಈಕೆಯದಲ್ಲ. ಆದರೂ ಆ ಹಾಡುಗಳನ್ನು ಕೇಳಿದವರು ಅವುಗಳನ್ನು ರೂತ್ ಬ್ರೌನಳ ಹಾಡುಗಳೆಂದೇ ನೆನೆಯುತ್ತಾರೆ; ಬರೆದವರ ಹೆಸರನ್ನು ಬಲ್ಲವರು ವಿರಳ. ಈ ಲೋಕವ್ಯವಹಾರವು ಬರಿಯ ಭ್ರಾಂತಿಯೋ ಅಥವಾ ಯುಕ್ತಿಯುಕ್ತವೋ ಎಂಬುದೇ ಪ್ರಕೃತ ವಿಚಾರ.

ವಿಚಾರಕ್ಕೆ ಮೊದಲು ಒಂದು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಅಭಿಪ್ರಾಯವಶದಿಂದ ಕಂಠಧ್ವನಿಯಲ್ಲಿ ಉಂಟಾಗುವ ವಿಕಾರಕ್ಕೆ ಕಾಕುವೆಂದು ಹೆಸರು. ಭರತನು ನಾಟ್ಯಶಾಸ್ತ್ರದಲ್ಲಿ ಇದನ್ನು ಸಾಕಾಂಕ್ಷ, ನಿರಾಕಾಂಕ್ಷ ಎಂದು ಎರಡು ಬಗೆಯಾಗಿ ವಿಭಾಗಿಸಿರುವನು. ಆಡಿದ ಮಾತಿನಲ್ಲಿಯೇ ಅರ್ಥವು ಮುಗಿಯದೆ, ಇನ್ನೇನನ್ನೋ ಬಯಸುತ್ತ ನಿಂತರೆ ಅದು ಸಾಕಾಂಕ್ಷ. ಅರ್ಥವು ಅಲ್ಲಿಗೇ ಪೂರ್ಣವಾದರೆ ನಿರಾಕಾಂಕ್ಷ. ರುದ್ರಟನು ಕಾಕುವಕ್ರೋಕ್ತಿಯನ್ನು ಶಬ್ದಾಲಂಕಾರಗಳಲ್ಲಿ ಎಣಿಸಿದನು. ರಾಜಶೇಖರನಾದರೋ ಕಾವ್ಯಮೀಮಾಂಸೆಯಲ್ಲಿ ಇದನ್ನು ಒಪ್ಪಲಿಲ್ಲ. ಕಾಕುವು ಅಭಿಪ್ರಾಯದಿಂದ ಕೂಡಿದ ಪಾಠಧರ್ಮವಾದುದರಿಂದ ಅಲಂಕಾರವಾಗಲಾರದೆಂಬುದು ಅವನ ವಾದ. ಅಂದರೆ ಅದು ಬರೆದ ಪದದಲ್ಲಿ ಇಲ್ಲ, ಓದುವವನ ಬಾಯಲ್ಲಿ ಇದೆ ಎಂದಾಯಿತು. ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಗಾನಕ್ಕೆ ಸಂಬಂಧಿಸಿದ ಆರು ಕಾಕುಗಳನ್ನು ಹೇಳುವಾಗ ಕ್ಷೇತ್ರಕಾಕುವೆಂಬ ಒಂದನ್ನು ಪರಿಗಣಿಸಿರುವನು. ಇಲ್ಲಿ ಕ್ಷೇತ್ರವೆಂದರೆ ಶರೀರ. ಒಂದೇ ರಾಗವನ್ನು ಹತ್ತು ಮಂದಿ ಹಾಡಿದರೂ ಅವರವರ ಶರೀರಕ್ಕೆ ಸಹಜವಾದ ಒಂದು ಛಾಯೆಯು ಅದರಲ್ಲಿ ತೋರುವುದಷ್ಟೆ; ಅದೇ ಕ್ಷೇತ್ರಕಾಕು. ಈ ಪರಿಭಾಷೆಯು ಪರದೇಶದ ಗಾನಕ್ಕೆ ಹುಟ್ಟಿದುದಲ್ಲವಾದರೂ, ಕಂಠವೆಂಬುದು ಮನುಷ್ಯಮಾತ್ರರಿಗೆ ಸಮಾನವಾದುದರಿಂದ ಇಲ್ಲಿ ಅನ್ವಯಿಸುವುದಕ್ಕೆ ಬಾಧಕವಿಲ್ಲ.

ಇನ್ನು ಗಾನಪ್ರಕಾರದ ವಿಷಯ. ಅಮೆರಿಕದಲ್ಲಿ ಆಫ್ರಿಕಮೂಲದ ಪ್ರಜೆಗಳು ಹಾಡಿ ಅವರೇ ಕೊಳ್ಳುವ ಗ್ರಾಮಫೋನ್ ತಟ್ಟೆಗಳನ್ನು ವರ್ತಕರು ಬಹುಕಾಲ 'ರೇಸ್ ರೆಕಾರ್ಡ್ಸ್', ಎಂದರೆ ಜನಾಂಗದ ತಟ್ಟೆಗಳು, ಎಂದು ಬೇರೆಯಾಗಿಟ್ಟು ಮಾರುತ್ತಿದ್ದರು. ೧೯೪೯ರಲ್ಲಿ 'ಬಿಲ್‌ಬೋರ್ಡ್' ಎಂಬ ವ್ಯಾಪಾರಪತ್ರಿಕೆಯು ಆ ಹೆಸರನ್ನು ಬಿಟ್ಟು, ಜೆರ್ರಿ ವೆಕ್ಸ್‌ಲರನು ಸೂಚಿಸಿದ 'ರಿದಂ ಅಂಡ್ ಬ್ಲೂಸ್' ಎಂಬ ಹೆಸರನ್ನು ತನ್ನ ಪಟ್ಟಿಗೆ ಇಟ್ಟಿತು. ಹೆಸರು ಬದಲಾದರೂ ಬೇರ್ಪಾಟು ಉಳಿಯಿತು. ಬ್ಲೂಸ್ ಎಂಬ ಹಳೆಯ ಶೋಕಗೀತದ ಕಟ್ಟಡ, ಕುಣಿತಕ್ಕೆ ಒದಗುವ ಗಟ್ಟಿ ತಾಳ, ದೇವಾಲಯಗಾನದ ಆವೇಶ, ಸ್ಯಾಕ್ಸಫೋನ್ ವಾದ್ಯದ ಮಾರ್ನುಡಿ—ಇವು ಈ ಪ್ರಕಾರದ ಸಾಮಗ್ರಿಗಳು. ನಾಲ್ಕು ನಾಲ್ಕು ಮಾತ್ರೆಗಳ ಹನ್ನೆರಡು ಗಣಗಳಿಂದಾದ ಆವರ್ತವು ಬ್ಲೂಸಿನ ಪ್ರಸಿದ್ಧ ಬಂಧ. ಒಂದು ಸಾಲನ್ನು ಹೇಳಿ, ಅದನ್ನೇ ಮರಳಿ ಹೇಳಿ, ಮೂರನೆಯ ಸಾಲಿನಲ್ಲಿ ಉತ್ತರ ಕೊಡುವುದು ಅದರ ವಾಡಿಕೆ. ಒಂದೇ ಸಾಲು ಎರಡು ಸಲ ಬರುವುದರಿಂದ, ಎರಡನೆಯ ಸಲ ಅದಕ್ಕೆ ಹೊಸ ಜೀವವನ್ನು ಕೊಡುವ ಹೊಣೆ ಹಾಡುವವರದಾಗುತ್ತದೆ. ಕವಿಯು ಪುನರುಕ್ತಿಯನ್ನು ಬರೆದು ಕೊಡುತ್ತಾನೆ. ಅದು ದೋಷವಾಗದಂತೆ ನೋಡಿಕೊಳ್ಳತಕ್ಕುದು ಕಾಕು. ಹತ್ತಂಗುಲದ ತಟ್ಟೆಯ ಒಂದು ಪಾರ್ಶ್ವದಲ್ಲಿ ಸುಮಾರು ಮೂರು ನಿಮಿಷಕ್ಕಿಂತ ಹೆಚ್ಚು ಹಾಡು ಹಿಡಿಯುತ್ತಿರಲಿಲ್ಲ. ಆದುದರಿಂದ ಈ ಕೆಲಸವೆಲ್ಲ ಅಷ್ಟು ಅಲ್ಪಾವಕಾಶದಲ್ಲಿಯೇ ಆಗಬೇಕಾಗಿದ್ದಿತು.

ರೂತ್ ವೆಸ್ಟನ್—ಇದು ಈಕೆಯ ಹುಟ್ಟುಹೆಸರು—೧೯೨೮ನೆಯ ಜನವರಿ ೧೨ರಂದು ವರ್ಜೀನಿಯ ಪ್ರಾಂತದ ಪೋರ್ಟ್ಸ್‌ಮತ್ ಎಂಬ ರೇವುಪಟ್ಟಣದಲ್ಲಿ ಜನಿಸಿದಳು. ಏಳು ಮಕ್ಕಳಲ್ಲಿ ಹಿರಿಯಳು. ತಂದೆಯು ಹಡಗುಕಟ್ಟೆಯಲ್ಲಿ ಕೂಲಿ. ಜೊತೆಗೆ ಕ್ರೈಸ್ತ ದೇವಾಲಯದ ಗಾಯಕಗಣಕ್ಕೆ ನಾಯಕ. ದೇವರ ಹಾಡಿನ ಹೊರತು ಬೇರೆ ಹಾಡು ಅವನಿಗೆ ಸಮ್ಮತವಾಗಿರಲಿಲ್ಲ. ಬೇಸಗೆಯಲ್ಲಿ ಮಕ್ಕಳು ಉತ್ತರ ಕೆರೊಲೈನದಲ್ಲಿದ್ದ ಅಜ್ಜಿಯ ಹೊಲಕ್ಕೆ ಹೋಗಿ ಹತ್ತಿ ಬಿಡಿಸುತ್ತಿದ್ದರು. ಹೀಗೆ ದೇವಾಲಯದಲ್ಲಿ ಕಂಠವು ಪಳಗಿತು. ಮನಸ್ಸಾದರೋ ಸಾರಾ ವಾನ್, ಬಿಲಿ ಹಾಲಿಡೇ, ಡೈನಾ ವಾಷಿಂಗ್ಟನ್ ಇವರ ಲೌಕಿಕಗಾನದ ಕಡೆಗೆ ಎಳೆಯಿತು. ಸ್ವರಲಿಪಿಯನ್ನು ಓದುವ ವಿದ್ಯೆಯನ್ನು ಈಕೆ ಕಲಿಯಲಿಲ್ಲ, ಕಿವಿಯೇ ಗುರು.

೧೯೪೫ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಜಿಮ್ಮಿ ಬ್ರೌನ್ ಎಂಬ ತುತ್ತೂರಿವಾದಕನೊಡನೆ ಮನೆಯನ್ನು ಬಿಟ್ಟುಹೋದಳು. ಬ್ರೌನ್ ಎಂಬ ಹೆಸರು ಅಲ್ಲಿಂದ ಬಂದುದು. ಅನಂತರ ಲಕ್ಕಿ ಮಿಲಿಂಡರನ ವಾದ್ಯಮೇಳದಲ್ಲಿ ಸುಮಾರು ಒಂದು ತಿಂಗಳು ಹಾಡಿದಳು. ಆ ಮೇಳದವರು ಈಕೆಯನ್ನು ವಾಷಿಂಗ್ಟನ್ ನಗರದಲ್ಲಿ ಕೈಬಿಟ್ಟರು. ಅಲ್ಲಿ ಕ್ರಿಸ್ಟಲ್ ಕ್ಯಾವರ್ನ್ಸ್ ಎಂಬ ರಾತ್ರಿಶಾಲೆಯನ್ನು ನಡೆಸುತ್ತಿದ್ದ ಬ್ಲಾಂಚ್ ಕ್ಯಾಲೋವೆಯು ಈಕೆಗೆ ಆಶ್ರಯವಿತ್ತು, ವ್ಯವಸ್ಥಾಪಕಿಯೂ ಆದಳು. ವಿಲಿಸ್ ಕಾನೋವರ್ ಎಂಬ ರೇಡಿಯೋ ಪ್ರಸಾರಕನು ಈಕೆಯ ಹಾಡನ್ನು ಕೇಳಿ, ೧೯೪೭ರಲ್ಲಿ ಸ್ಥಾಪಿತವಾಗಿ ಇನ್ನೂ ಎಳೆಯದಾಗಿದ್ದ ಅಟ್ಲಾಂಟಿಕ್ ಎಂಬ ತಟ್ಟೆಯ ಸಂಸ್ಥೆಗೆ ಶಿಫಾರಸು ಮಾಡಿದನು. ೧೯೪೮ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿಗೆ ಹೋಗುತ್ತಿದ್ದಾಗ ಪೆನ್ಸಿಲ್ವೇನಿಯದ ಚೆಸ್ಟರ್ ಎಂಬಲ್ಲಿ ಮೋಟಾರು ಅಪಘಾತವಾಗಿ ಈಕೆಯ ಕಾಲುಗಳು ಮುರಿದವು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಅಟ್ಲಾಂಟಿಕ್ ಸಂಸ್ಥೆಯ ಕರಾರಿಗೆ ಸಹಿ ಹಾಕಿದುದೂ ಅಲ್ಲಿಯ ಹಾಸಿಗೆಯ ಮೇಲೆಯೇ. ಕಾಲಿನ ಬಾಧೆ ಬದುಕಿನುದ್ದಕ್ಕೂ ಬಿಡಲಿಲ್ಲ.

೧೯೪೯ರಲ್ಲಿ ಹೊರಬಂದ 'ಸೋ ಲಾಂಗ್' ಎಂಬ ವಿಳಂಬಗತಿಯ ಬೀಳ್ಕೊಡುಗೆಯ ಹಾಡು ಈಕೆಯ ಮೊದಲ ಯಶಸ್ಸು. ಅದರಲ್ಲಿ ಕಂಠವು ತುಂಬಿದ ಕೊಡದಂತೆ ಅಲುಗಾಡದೆ ಸಾಗುತ್ತದೆ. ಪ್ರತಿಯೊಂದು ಪದಕ್ಕೂ ಸಲ್ಲತಕ್ಕ ಕಾಲವನ್ನು ಕೊಟ್ಟು, ದುಃಖವನ್ನು ಮೇಲೆ ಬಾರಗೊಡದೆ ಹಾಡಿರುವಳು. ಗುಣವುಂಟು, ಆದರೆ ಹಿಂದಿನ ದೊಡ್ಡ ಗಾಯಕಿಯರ ನೆರಳೂ ಉಂಟು. ಶಾರ್ಙ್ಗದೇವನು ಗಾಯಕರನ್ನು ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವಕ ಎಂದು ಐದಾಗಿ ವಿಭಜಿಸಿದ್ದಾನೆ. ಅನ್ಯರ ಭಂಗಿಯನ್ನು ಅನುಸರಿಸುವವನು ಅನುಕಾರ. ಗೀತಕ್ಕೆ ಹೊಸ ಭಾವಾತಿಶಯವನ್ನು ತಂದುಕೊಡುವವನು ಭಾವಕ. 'ಸೋ ಲಾಂಗ್' ಹಾಡಿದಾಕೆಯು ಅನುಕಾರತ್ವವನ್ನು ದಾಟಲು ಹೊರಟವಳು, ಇನ್ನೂ ಪೂರ್ಣವಾಗಿ ದಾಟಿದವಳಲ್ಲ.

ದಾಟಿದುದು ೧೯೫೦ರಲ್ಲಿ, ರೂಡಿ ಟೂಂಬ್ಸನು ರಚಿಸಿದ 'ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್' ಎಂಬ ಹಾಡಿನಲ್ಲಿ. ಇದು ರಿದಂ ಅಂಡ್ ಬ್ಲೂಸ್ ಪಟ್ಟಿಯಲ್ಲಿ ೧೧ ವಾರಗಳ ಕಾಲ ಪ್ರಥಮಸ್ಥಾನದಲ್ಲಿ ನಿಂತಿತು. ಮಾತಿನಲ್ಲಿ ವಿರಹಿಣಿಯ ಕಣ್ಣೀರು. ಧಾತುವಿನಲ್ಲಿ ಕುಣಿತದ ವೇಗ. ಮಾತನ್ನು ನಂಬಿದರೆ ನಡೆ ಅನುಚಿತ. ನಡೆಯನ್ನು ನಂಬಿದರೆ ಮಾತು ಸುಳ್ಳು. ಎರಡಕ್ಕೂ ಸಂಧಿಯನ್ನು ಮಾಡಿದುದು ಹಾಡಿದವಳ ಕಂಠ. ಸಾಲಿನ ಮೊದಲನ್ನು ತಾಳದ ಪೆಟ್ಟಿಗೆ ಸರಿಯಾಗಿ, ನಗುವವಳಂತೆ ಎತ್ತಿಕೊಂಡು, ಪದದ ಕೊನೆಯಲ್ಲಿ ಕಂಠವನ್ನು ಥಟ್ಟನೆ ಮೇಲಕ್ಕೆ ಒಡೆಯುವಳು. ಆ ಒಡಕು ಅರೆನಿಮಿಷವೂ ನಿಲ್ಲದು. ಅಷ್ಟರಲ್ಲಿ ಅಳುವಿನ ಸುಳಿವು ತೋರಿ ಮರೆಯಾಗುವುದು. ಅಳುತ್ತಲೇ ಕುಣಿಯಬೇಕಾದ ಒಂದು ಚಿತ್ತವೃತ್ತಿಯು ಹೀಗೆ ಕೇಳುವವನ ಅನುಭವಕ್ಕೆ ಬರುತ್ತದೆ. ಪುಟದ ಮೇಲಿನ ಪದಗಳಲ್ಲಿ ಇದನ್ನು ಹುಡುಕಿದರೆ ದೊರೆಯದು.

೧೯೫೨ರ 'ಫೈವ್-ಟೆನ್-ಫಿಫ್ಟೀನ್ ಅವರ್ಸ್' ಕೂಡ ಟೂಂಬ್ಸನದೇ. ಪ್ರಿಯನ ಸಂಗದಲ್ಲಿ ಇಷ್ಟು ಗಂಟೆಗಳು ಬೇಕೆಂದು ಎಣಿಸಿ ಕೇಳುವ ಈ ಹಾಡಿನಲ್ಲಿ ಎಣಿಕೆಯೇ ಸಾಹಿತ್ಯ, ಕವಿತ್ವವೆನ್ನತಕ್ಕುದು ಅಲ್ಪ. ಆದರೆ ಈಕೆ ಒಂದೊಂದು ಸಂಖ್ಯೆಯನ್ನೂ ಹಿಂದಿನದಕ್ಕಿಂತ ಹೆಚ್ಚಿನ ಆತುರದಿಂದ ಉಚ್ಚರಿಸುವಳು. ವಿಲಿಸ್ ಜ್ಯಾಕ್ಸನನ ಸ್ಯಾಕ್ಸಫೋನ್ ಅವಳ ಮಾತಿಗೆ ಪ್ರತ್ಯುತ್ತರವನ್ನೀಯುವ ಪ್ರಿಯನಂತೆ ನಡುನಡುವೆ ನುಡಿಯುವುದು. ಭರತನು ಹೇಳಿದ ಸಾಕಾಂಕ್ಷಕಾಕುವಿಗೆ ಇದಕ್ಕಿಂತ ಸ್ಫುಟವಾದ ಉದಾಹರಣೆಯನ್ನು ಕೊಡುವುದು ಕಷ್ಟ.

ಈಕೆಯ ಗಾನದ ಶಿಖರವೆಂದು ಎಣಿಸತಕ್ಕುದು ೧೯೫೩ರ 'ಮಾಮಾ, ಹೀ ಟ್ರೀಟ್ಸ್ ಯುವರ್ ಡಾಟರ್ ಮೀನ್'. ಗಂಡಿನ ನಿರ್ದಯೆಯನ್ನು ಹೆಣ್ಣೊಬ್ಬಳು ತನ್ನ ತಾಯಿಗೆ ಹೇಳಿಕೊಳ್ಳುವುದು ವಸ್ತು. ಮೊದಲು ಈ ಹಾಡು ಈಕೆಗೆ ರುಚಿಸಿರಲಿಲ್ಲ. ಖಂಜರಿಯ ಪೆಟ್ಟಿನಿಂದ ಹಾಡು ಮೊದಲಾಗುತ್ತದೆ. ದೇವಾಲಯದ ಭಜನೆಯಲ್ಲಿ ಕೇಳಿಬರುವ ವಾದ್ಯವು ಇಲ್ಲಿ ಮನೆಯ ಜಗಳಕ್ಕೆ ತಾಳ ಹಾಕುತ್ತದೆ. ಅಮ್ಮನೆಂಬ ಸಂಬೋಧನೆಯ ಕೊನೆಯಲ್ಲಿ ಪೂರ್ವೋಕ್ತವಾದ ಕಂಠಭಂಗವು ಬರುತ್ತದೆ. ಬರೆಹದಲ್ಲಿ ಆ ಪದವು ಬರಿಯ ಸಂಬೋಧನೆ. ಕಾಕುವಿನಿಂದ ಅದರಲ್ಲಿ ಮೂರು ಅರ್ಥಗಳು ಹೊಮ್ಮುವುವು. ಒಂದು, ಅಮ್ಮನಲ್ಲದೆ ಹೇಳಿಕೊಳ್ಳಲು ಬೇರೆ ಯಾರೂ ಇಲ್ಲವೆಂಬ ದೈನ್ಯ. ಎರಡು, ಹೀಗಾಗುವುದೆಂದು ನಿನಗೆ ತಿಳಿದಿದ್ದಿತಲ್ಲವೆ ಎಂಬ ಹುಸಿಮುನಿಸು. ಮೂರು, ಇಷ್ಟಾದರೂ ಅವನನ್ನು ಬಿಡಲಾರೆನೆಂಬ ನಾಚಿಕೆ. ಮೂರೂ ವ್ಯಂಗ್ಯಾರ್ಥಗಳು, ವಾಚ್ಯದಲ್ಲಿ ಒಂದೂ ಇಲ್ಲ. ಕಾಕುವಿನಿಂದ ಅರ್ಥಾಂತರವು ತೋರುವುದನ್ನು ಧ್ವನಿಕಾರನೇ ಅಂಗೀಕರಿಸಿರುವುದರಿಂದ, ಇಲ್ಲಿ ವ್ಯಂಜಕವಾದುದು ಗಾಯಕಿಯ ಕಂಠವೆಂದು ಹೇಳುವುದಕ್ಕೆ ಶಾಸ್ತ್ರಸಮ್ಮತಿಯೂ ಇದೆ.

ಇಲ್ಲಿ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸಬಹುದು: 'ಕಂಠವು ಒಡೆಯುವುದು ಗುಣವಾದೀತು ಹೇಗೆ? ಗಾಯಕದೋಷಗಳು ಇಪ್ಪತ್ತೈದೆಂದು ಸಂಗೀತರತ್ನಾಕರವೇ ಹೇಳುತ್ತದೆ. ಕಾಗೆಯಂತೆ ಕರ್ಕಶವಾದ ಧ್ವನಿಯುಳ್ಳವನು, ಸ್ಥಾನಭ್ರಷ್ಟನಾದವನು ಇವರೆಲ್ಲ ನಿಂದ್ಯರ ಸಾಲಿನಲ್ಲಿಯೇ ಇರುವರು. ಈ ಚೀರು ಒಂದು ದೋಷ. ಜನರು ಮೆಚ್ಚಿದ ಮಾತ್ರಕ್ಕೆ ದೋಷವು ಗುಣವಾಗದು.' ಇದಕ್ಕೆ ಸಮಾಧಾನ: ದೋಷಗಳಲ್ಲಿ ನಿತ್ಯವಾದುವೂ ಅನಿತ್ಯವಾದುವೂ ಉಂಟು. ಶ್ರುತಿದುಷ್ಟಾದಿಗಳು ಶೃಂಗಾರದಲ್ಲಿ ಹೇಯವಾದರೂ ರೌದ್ರಾದಿಗಳಲ್ಲಿ ಹಾಗಲ್ಲವೆಂದು ಆನಂದವರ್ಧನನು ನಿರ್ಣಯಿಸಿರುವನು. ರೂತ್ ಬ್ರೌನಳು ತನ್ನ ಕಂಠಭಂಗವನ್ನು ಎಲ್ಲೆಂದರಲ್ಲಿ ಚೆಲ್ಲುವವಳಲ್ಲ. ೧೯೫೪ರಲ್ಲಿ ಹಾಡಿದ, ಚಕ್ ವಿಲ್ಲಿಸನ ರಚನೆಯಾದ 'ಓ ವಾಟ್ ಎ ಡ್ರೀಮ್' ಎಂಬ ಕನಸಿನ ಹಾಡಿನಲ್ಲಿ ಅದನ್ನು ಬಹಳ ಮಿತವಾಗಿ, ಮೃದುವಾಗಿ ಬಳಸಿರುವಳು. ಬೇಕಾದಾಗ ತರುವುದೂ ಬೇಡವಾದಾಗ ತಡೆಯುವುದೂ ಯಾರ ವಶದಲ್ಲಿ ಇದೆಯೋ ಅವರಲ್ಲಿ ಅದು ಅಶಕ್ತಿಯಲ್ಲ, ಶಕ್ತಿಯೇ. ಲಿಟಲ್ ರಿಚರ್ಡ್ ಎಂಬ ಪ್ರಸಿದ್ಧ ಗಾಯಕನು ತನ್ನ ಪದಾಂತ್ಯದ ಚೀರನ್ನು ಈಕೆಯಿಂದ ಕಲಿತುದಾಗಿ ಒಪ್ಪಿಕೊಂಡಿದ್ದನು. ಬರಿಯ ದೋಷವನ್ನು ಯಾರೂ ಪರಿಶ್ರಮಪಟ್ಟು ಕಲಿಯುವುದಿಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಗುರುತರವಾದುದು: 'ತಟ್ಟೆಯ ಮೇಲಿನ ಹಾಡು ಒಬ್ಬಳ ಕೃತಿಯಲ್ಲ. ಟೂಂಬ್ಸ್, ವಿಲ್ಲಿಸ್ ಮೊದಲಾದ ಲೇಖಕರು, ಜೆಸ್ಸಿ ಸ್ಟೋನನಂತಹ ಸಂಯೋಜಕರು, ಅಹ್ಮೆಟ್ ಎರ್ಟೆಗನ್, ಹರ್ಬ್ ಅಬ್ರಾಂಸನ್ ಎಂಬ ಸಂಸ್ಥೆಯ ಯಜಮಾನರು, ವಾದಕರು—ಇಷ್ಟು ಜನರ ದುಡಿಮೆಯನ್ನು ಒಬ್ಬಳ ತಲೆಗೆ ಕಟ್ಟುವುದು ಅನ್ಯಾಯ.' ಇದರಲ್ಲಿ ಅರ್ಧಾಂಶವನ್ನು ಒಪ್ಪಬೇಕಾದುದೇ. ಕರ್ತೃತ್ವವು ಇಲ್ಲಿ ವಿಭಕ್ತವಾದುದು. ಹಾಡಿದವಳೊಬ್ಬಳೇ ಸರ್ವಸ್ವವೆಂದು ಸಾಧಿಸುವುದು ಈ ಲೇಖನದ ಉದ್ದೇಶವೂ ಅಲ್ಲ. ಈಕೆಯ ಹಾಡಿಕೆಗೂ ಮಿತಿಯುಂಟು. ೧೯೫೭ರ 'ಲಕ್ಕಿ ಲಿಪ್ಸ್' ಎಂಬುದು ಎಳೆಯರಿಗಾಗಿ ಹೊಸೆದ ಹಗುರವಾದ ಹಾಡು. ಅದರ ಮಾತಿನಲ್ಲಿ ಮರೆಯಿಲ್ಲದಿರುವುದರಿಂದ ಕಾಕುವು ತೆರೆದು ತೋರಿಸತಕ್ಕುದೂ ಏನೂ ಇಲ್ಲ. ಕಂಠವು ಅಲ್ಲಿ ನಿರುದ್ಯೋಗಿ. ಹಾಡು ಜನಪ್ರಿಯವಾಯಿತು, ಹಾಡಿದವಳು ಬೇರೊಬ್ಬಳಾಗಿದ್ದರೂ ನಷ್ಟವಿರಲಿಲ್ಲ. ಆದರೆ ಈ ಒಪ್ಪಿಗೆಯಿಂದ ಸಿದ್ಧವಾಗುವುದೇನು? ಕಾಕುವಿಗೆ ಎಡೆಯಿಲ್ಲದ ಕಡೆ ಈಕೆ ಸಾಧಾರಣಳು, ಎಡೆಯುಳ್ಳ ಕಡೆ ಅಸಾಧಾರಣಳು ಎಂಬುದೇ. ಅನ್ವಯವ್ಯತಿರೇಕಗಳೆರಡರಿಂದಲೂ ಆ ಹಾಡುಗಳ ಉತ್ಕರ್ಷಕ್ಕೆ ಕಾಕುವೇ ಕಾರಣವೆಂದು ನಿಶ್ಚಯವಾಗುತ್ತದೆ.

ಇನ್ನೊಂದು ಪ್ರಮಾಣವನ್ನು ಆ ಕಾಲದ ವ್ಯಾಪಾರವೇ ಒದಗಿಸಿಕೊಟ್ಟಿದೆ. ಆಫ್ರಿಕಮೂಲದ ಗಾಯಕರ ಹಾಡೊಂದು ಮಾರಾಟವಾಗತೊಡಗಿದೊಡನೆ ದೊಡ್ಡ ಸಂಸ್ಥೆಗಳು ಅದೇ ಹಾಡನ್ನು ಬಿಳಿಯ ಗಾಯಕಿಯರಿಂದ ಹಾಡಿಸಿ, ವಿಶಾಲವಾದ ಪೇಟೆಗೆ ಬಿಡುತ್ತಿದ್ದವು. 'ಓ ವಾಟ್ ಎ ಡ್ರೀಮ್' ಹಾಡನ್ನು ಪ್ಯಾಟಿ ಪೇಜ್ ಎಂಬಾಕೆಯೂ, ಅದೇ ೧೯೫೪ರ 'ಮ್ಯಾಂಬೋ ಬೇಬಿ'ಯನ್ನು ಜಾರ್ಜಿಯ ಗಿಬ್ಸ್ ಎಂಬಾಕೆಯೂ ಹಾಗೆ ಹಾಡಿದರು. ಇವರು ಅಪ್ರಬುದ್ಧರಲ್ಲ, ಪ್ಯಾಟಿ ಪೇಜಳ ಸ್ವರಶುದ್ಧಿ ನಿರ್ವಿವಾದವಾದುದು. ಎರಡು ತಟ್ಟೆಗಳನ್ನೂ ಒಂದಾದಮೇಲೊಂದರಂತೆ ಕೇಳಿದವರಿಗೆ ಭೇದವು ತಾನಾಗಿ ತಿಳಿಯುವುದು. ಮಾತು ಒಂದೇ, ಧಾತು ಒಂದೇ. ಪೇಜಳ ಹಾಡಿನಲ್ಲಿ ಕನಸು ಕಂಡುದು ಒಂದು ವೃತ್ತಾಂತ. ಬ್ರೌನಳ ಹಾಡಿನಲ್ಲಿ ಕನಸಿನಿಂದ ಎಚ್ಚತ್ತವಳ ಬರಿದಾದ ಹಾಸಿಗೆ ಕಾಣುತ್ತದೆ. ಮೊದಲನೆಯದು ನಿರಾಕಾಂಕ್ಷ, ಎರಡನೆಯದು ಸಾಕಾಂಕ್ಷ. ಗೀತವು ಮಾತುಧಾತುಗಳಷ್ಟೇ ಆಗಿದ್ದರೆ ಈ ಎರಡು ತಟ್ಟೆಗಳೂ ಒಂದೇ ಕೃತಿಯಾಗಬೇಕಾಗಿದ್ದಿತು.

ಆದರೆ ಆ ದೇಶದ ಕಾನೂನು ಅವುಗಳನ್ನು ಒಂದೇ ಕೃತಿಯೆಂದೇ ಎಣಿಸಿತು. ೧೯೫೦ರಲ್ಲಿ ಸುಪ್ರೀಂ, ಡೆಕ್ಕ ಎಂಬ ಎರಡು ತಟ್ಟೆಯ ಸಂಸ್ಥೆಗಳಿಗೆ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ನಡೆದ ವ್ಯಾಜ್ಯವು ಇಲ್ಲಿ ಸ್ಮರಣೀಯ. ಪಾಲಾ ವಾಟ್ಸನ್ ಎಂಬಾಕೆ ಹಾಡಿದ ಹಾಡೊಂದನ್ನು ಎವೆಲಿನ್ ನೈಟ್ ಎಂಬಾಕೆಯು ಅದೇ ರೀತಿಯಲ್ಲಿ ಹಾಡಿದಳೆಂಬುದು ವಾದಿಗಳ ದೂರು. ಹಾಡುವ ರೀತಿಯೂ ವಾದ್ಯಸಂಯೋಜನೆಯೂ ಒಬ್ಬರ ಸ್ವತ್ತಾಗಲಾರವೆಂಬ ಕಾರಣದಿಂದ ನ್ಯಾಯಾಲಯವು ದೂರನ್ನು ತಳ್ಳಿಹಾಕಿತು. ಮಾತುಧಾತುಗಳಿಗೆ ಸ್ವಾಮ್ಯವುಂಟು, ಕಾಕುವಿಗೆ ಇಲ್ಲವೆಂಬುದು ಇದರ ತಾತ್ಪರ್ಯ. ಹೀಗೆ ಹಾಡು ಯಾರ ತಟ್ಟೆಯಲ್ಲಿ ಮಾರಾಟವಾದರೂ ಬರೆದವನಿಗೂ ಪ್ರಕಾಶಕನಿಗೂ ಪಾಲು ಸಿಕ್ಕಿತು. ಅದಕ್ಕೆ ಮೊದಲು ಪ್ರಾಣಕೊಟ್ಟವಳಿಗೆ ಸಿಕ್ಕಲಿಲ್ಲ. ಮುದ್ರಿತವಾದ ಧ್ವನಿಗೇ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸ್ವಾಮ್ಯರಕ್ಷಣೆಯು ದೊರೆತುದು ೧೯೭೨ರ ಫೆಬ್ರವರಿ ೧೫ರಿಂದ ಈಚೆಗೆ; ಅದೂ ಆಮೇಲೆ ಮುದ್ರಿತವಾದುವಕ್ಕೆ ಮಾತ್ರ. ಹಳೆಯ ತಟ್ಟೆಗಳಿಗೆ ಕೆಲವು ಹಕ್ಕುಗಳನ್ನು ವಿಸ್ತರಿಸಿದ ೨೦೧೮ರ ಕಾನೂನು ಸಹ ವಾಡಿಕೆಯ ರೇಡಿಯೋವನ್ನು ಒಳಗೊಳ್ಳಲಿಲ್ಲ.

ರೂತ್ ಬ್ರೌನಳ ತಟ್ಟೆಗಳು ೧೯೪೯ರಿಂದ ೧೯೫೫ರವರೆಗೆ ಒಟ್ಟು ೧೪೯ ವಾರಗಳು ರಿದಂ ಅಂಡ್ ಬ್ಲೂಸ್ ಪಟ್ಟಿಯಲ್ಲಿದ್ದುವು. ಅವುಗಳಲ್ಲಿ ಐದು ಪ್ರಥಮಸ್ಥಾನವನ್ನು ಪಡೆದುವು. ಅಟ್ಲಾಂಟಿಕ್ ಸಂಸ್ಥೆಗೆ 'ರೂತಳು ಕಟ್ಟಿದ ಮನೆ' ಎಂಬ ಹೆಸರೇ ಬಿದ್ದಿತು. ಫ್ರ್ಯಾಂಕಿ ಲೇನ್ ಎಂಬ ಗಾಯಕನು ಈಕೆಯನ್ನು 'ಮಿಸ್ ರಿದಂ' ಎಂದು ಕರೆದನು. ಆದರೆ ಮನೆ ಕಟ್ಟಿದವಳಿಗೆ ಮನೆಯಲ್ಲಿ ಪಾಲಿರಲಿಲ್ಲ. ಮುಂಗಡವಾಗಿ ಕೊಟ್ಟ ಹಣವನ್ನೂ ಧ್ವನಿಮುದ್ರಣದ ವೆಚ್ಚವನ್ನೂ ಗಾಯಕರ ಪಾಲಿನಿಂದಲೇ ಕಳೆಯುವ ಪದ್ಧತಿಯಿದ್ದುದರಿಂದ, ಲೆಕ್ಕದ ಪುಸ್ತಕದಲ್ಲಿ ಗಾಯಕಿಯು ಯಾವಾಗಲೂ ಸಾಲಗಾರಳಾಗಿಯೇ ಉಳಿದಳು. ೧೯೬೧ರಲ್ಲಿ ಆ ಸಂಸ್ಥೆಯ ಸಂಬಂಧವು ಮುಗಿಯಿತು. ಮುಂದಿನ ವರ್ಷಗಳಲ್ಲಿ ಈಕೆ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಮಕ್ಕಳನ್ನು ಸಾಕುತ್ತ, ಮನೆಗೆಲಸ ಮಾಡಿ, ಶಾಲೆಯ ಬಸ್ಸನ್ನು ನಡೆಸಿ ಜೀವಿಸಿದಳು.

೧೯೭೦ರ ದಶಕದ ನಡುವಿನಲ್ಲಿ ರೆಡ್ ಫಾಕ್ಸ್ ಎಂಬ ಹಾಸ್ಯನಟನ ಪ್ರೇರಣೆಯಿಂದ ಈಕೆ ರಂಗಕ್ಕೆ ಮರಳಿದಳು. ೧೯೮೮ರಲ್ಲಿ 'ಹೇರ್‌ಸ್ಪ್ರೇ' ಎಂಬ ಚಲಚ್ಚಿತ್ರದಲ್ಲಿ ಕಾಣಿಸಿಕೊಂಡಳು. ೧೯೮೯ರಲ್ಲಿ 'ಬ್ಲ್ಯಾಕ್ ಅಂಡ್ ಬ್ಲೂ' ಎಂಬ ಗೀತರೂಪಕಕ್ಕಾಗಿ ಟೋನಿ ಪ್ರಶಸ್ತಿಯನ್ನೂ, ಮರುವರ್ಷ 'ಬ್ಲೂಸ್ ಆನ್ ಬ್ರಾಡ್‌ವೇ' ಎಂಬ ಧ್ವನಿಮುದ್ರಿಕೆಗಾಗಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದಳು. ಅರುವತ್ತು ದಾಟಿದ ಈ ಕಂಠವನ್ನು ಹಿಂದಿನದರೊಡನೆ ಹೋಲಿಸುವುದು ವಿಮರ್ಶಕನ ಕರ್ತವ್ಯ. ಸ್ವರವು ದಪ್ಪವಾಗಿ ಕೆಳಗಿಳಿದಿದೆ. ಮೇಲಕ್ಕೆ ಒಡೆಯುವ ಕಂಠಭಂಗವು ಅಪರೂಪ. ಆದರೆ ಕಾಕುವು ಬೇರೆ ದಾರಿಯನ್ನು ಹಿಡಿದಿದೆ. ಆ ರೂಪಕದಲ್ಲಿ ಈಕೆ ಹಾಡುತ್ತಿದ್ದ, ಕುರ್ಚಿಯನ್ನು ಮಾರುವ ನೆವದಿಂದ ಮತ್ತೊಂದನ್ನು ಸೂಚಿಸುವ ಹಳೆಯ ದ್ವ್ಯರ್ಥಿಗೀತವೊಂದರಲ್ಲಿ, ಎರಡನೆಯ ಅರ್ಥವು ಹೊಳೆಯುವುದು ಸ್ವರದಿಂದ ಅಷ್ಟಾಗಿ ಅಲ್ಲ, ಪದಗಳ ನಡುವೆ ತಡೆದು ನಿಲ್ಲುವ ಮೌನದಿಂದ. ತಾರುಣ್ಯದಲ್ಲಿ ಕಂಠದಿಂದ ಮಾಡಿದುದನ್ನು ವೃದ್ಧಾಪ್ಯದಲ್ಲಿ ಕಾಲದಿಂದ ಮಾಡಿರುವಳು. ಶರೀರವು ಬದಲಾದರೂ ಅಭಿಪ್ರಾಯವು ಬದಲಾಗದಿದ್ದುದೇ ಈಕೆ ಭಾವಕಳೆಂಬುದಕ್ಕೆ ಸಾಕ್ಷಿ.

ಈ ನಡುವೆ ತನ್ನ ಪಾಲಿನ ಲೆಕ್ಕವನ್ನು ಕೇಳುವುದನ್ನೂ ಈಕೆ ಬಿಡಲಿಲ್ಲ. ಹೋವೆಲ್ ಬೆಗಲ್ ಎಂಬ ನ್ಯಾಯವಾದಿಯು ಇದಕ್ಕೆ ಸಹಾಯಕನಾದನು. ಕಡೆಗೆ ೧೯೮೮ರಲ್ಲಿ ಅಟ್ಲಾಂಟಿಕ್ ಸಂಸ್ಥೆಯು ರೂತ್ ಬ್ರೌನ್ ಮತ್ತು ಆ ಕಾಲದ ಇತರ ೩೫ ಮಂದಿ ಕಲಾವಿದರ ಹೆಸರಿನಲ್ಲಿದ್ದ ಸಾಲವನ್ನು ಬಿಟ್ಟುಕೊಟ್ಟು, ಇಪ್ಪತ್ತು ವರ್ಷಗಳ ಹಿಂಬಾಕಿಯನ್ನು ಸಲ್ಲಿಸಲು ಒಪ್ಪಿತು. ಕಷ್ಟದಲ್ಲಿದ್ದ ಹಳೆಯ ಗಾಯಕರಿಗೆ ನೆರವಾಗಲು ರಿದಂ ಅಂಡ್ ಬ್ಲೂಸ್ ಫೌಂಡೇಷನ್ ಎಂಬ ನಿಧಿಯು ಸ್ಥಾಪಿತವಾಯಿತು. ಅದಕ್ಕೆ ಆ ಸಂಸ್ಥೆಯು ೧೫ ಲಕ್ಷ ಡಾಲರಿಗೆ ಕಡಿಮೆಯಿಲ್ಲದ ಧನವನ್ನಿತ್ತಿತು. ಈಕೆಯು ೨೦೦೬ನೆಯ ನವೆಂಬರ್ ೧೭ರಂದು ತೀರಿಕೊಂಡಳು.

ಇಲ್ಲಿಗೆ ಸಿದ್ಧಾಂತವು ಹೀಗೆ ನಿಲ್ಲುತ್ತದೆ. ಗೇಯಕಾವ್ಯದಲ್ಲಿ ಕಾಕುವು ಮಾತಿಗೆ ಹೊರಗಿನಿಂದ ತೊಡಿಸಿದ ಒಡವೆಯಲ್ಲ. ಅರ್ಥವನ್ನು ಹುಟ್ಟಿಸುವ ಕಾರಣ. ರಾಜಶೇಖರನು ಕಾಕುವನ್ನು ಅಲಂಕಾರಗಳ ಪಟ್ಟಿಯಿಂದ ಹೊರಗೆ ತೆಗೆದುದು ಅದನ್ನು ಕೀಳ್ಮಾಡುವುದಕ್ಕೆ ಅಲ್ಲ, ಅದು ಸೇರಿದ ಸ್ಥಳವು ಬೇರೆಯೆಂದು ತೋರಿಸುವುದಕ್ಕೆ. ಆ ಸ್ಥಳವು ಹಾಡುವವರ ಶರೀರ. ಆದುದರಿಂದ ಒಂದು ಅಕ್ಷರವನ್ನೂ ಬರೆಯದೆ ಹಾಡಿದವಳೂ, ಅರ್ಥವು ಎಷ್ಟರಮಟ್ಟಿಗೆ ಅವಳ ಕಂಠದಿಂದ ಹುಟ್ಟಿತೋ ಅಷ್ಟರಮಟ್ಟಿಗೆ, ಕವಿಪದವಿಗೆ ಭಾಗಿನಿ. ಜನರು ಆ ಹಾಡುಗಳನ್ನು ರೂತ್ ಬ್ರೌನಳವೆಂದು ಕರೆದುದು ಭ್ರಾಂತಿಯಲ್ಲ. ಅಲ್ಲಿ ಲೋಕವ್ಯವಹಾರವೇ ಪ್ರಮಾಣ. ಕಾನೂನು ಆ ಪ್ರಮಾಣವನ್ನು ಬಹುಕಾಲ ಕಾಣಲಿಲ್ಲ.

ಕಾನೂನಿಗೆ ಬರೆಹವೇ ಸಾಕ್ಷಿಯಾದುದರಿಂದ ಹಾಗಾಯಿತೆಂದು ಸಮಾಧಾನ ಹೇಳಬಹುದು. ವಿಮರ್ಶೆಗೆ ಆ ನೆವವಿಲ್ಲ. ಹಾಡಿನ ಪಾಠವನ್ನು ಮಾತ್ರ ಮುಂದಿಟ್ಟುಕೊಂಡು, ಇದರಲ್ಲಿ ಕವಿತ್ವವಿಲ್ಲವೆಂದು ತೀರ್ಪುಕೊಡುವ ಅಧ್ಯಾಪಕನೂ ಅರ್ಧವ್ಯಾಜ್ಯವನ್ನು ಕೇಳಿ ತೀರ್ಪುಕೊಟ್ಟ ನ್ಯಾಯಾಧೀಶನೇ ಆಗುವನು. ಗೇಯವಾದುದನ್ನು ವಿಚಾರಿಸುವವರು ಹಾಡಿದವರಾರು, ಪದವನ್ನು ಎಲ್ಲಿ ತಡೆದರು, ಎಲ್ಲಿ ಬಿಟ್ಟರು ಎಂಬುದನ್ನೂ ಪಾಠದ ಪಕ್ಕದಲ್ಲಿಯೇ ಬರೆದಿಟ್ಟರೆ, ರೂತ್ ಬ್ರೌನಳಂತಹವರಿಗೆ ಸಲ್ಲತಕ್ಕ ಬಾಕಿಯಲ್ಲಿ ವಿಮರ್ಶೆಯ ಪಾಲಿನದಾದರೂ ಸಂದಂತಾಗುವುದು.